ನೈಸರ್ಗಿಕ ಕೆಂಪು

“ಕನ್ನಡಕ ತೆಗಿಯೇ ಮುದುಕಿ. ಬುಟ್ಟಿ ಹೆಣೆಯೋಕೆ ಕೂತಿದೀಯೋ, ಬ್ಯಾಂಕಲ್ಲಿ ಕೂತಿದೀಯೋ?”

ಬಿದಿರು ಸೀಳುತ್ತಿದ್ದ ನನ್ನ ಅತ್ತೆ ತಲೆಯೆತ್ತಿದರು. “ತೆಗೆದ್ರೆ ಅಂಚು ಕಾಣಲ್ಲ ಸ್ವಾಮಿ.”

“ಬರೋರು ಪರಂಪರೆ ನೋಡೋಕೆ ಬರ್ತಾರೆ. ನಿನ್ನ ಪ್ಲಾಸ್ಟಿಕ್ ಫ್ರೇಮ್ ನೋಡೋಕಲ್ಲ.”

ಶೆಡ್ಡಿನ ಮಾಲೀಕ ತಾನೇ ಕನ್ನಡಕ ಕಿತ್ತು ಜೇಬಿಗೆ ಹಾಕಿಕೊಂಡ.

ಪರಂಪರೆಗಾಗಿ ನಮ್ಮ ಶೆಡ್ಡು ಕಳೆದುಕೊಂಡ ವಸ್ತುಗಳಲ್ಲಿ ಇದು ನಾಲ್ಕನೆಯದು. ಮೊದಲು ಟ್ಯೂಬ್‌ಲೈಟ್ ಹೋಗಿ ಬ್ಯಾಟರಿ ಲಾಟೀನು ಬಂತು. ಫ್ಯಾನು ಅತಿಥಿಗಳು ಕೂರುವ ಕಡೆಗೆ ಹೋಯಿತು. ನಾವು ಕೂರುತ್ತಿದ್ದ ಸ್ಟೂಲುಗಳ ಮೇಲೆ ಈಗ ಅವರ ಕೈಚೀಲಗಳು ಕೂರುತ್ತವೆ.

ಹತ್ತು ಗಂಟೆಗೆ ಬಸ್ಸು ಬಂತು. ಹನ್ನೆರಡು ಜನ. ‘ಒಂದೇ ಗಂಟೆಯಲ್ಲಿ ನಿಮ್ಮ ಕೈಯಾರೆ ಬುಟ್ಟಿ’ ಎಂದು ಗೋಡೆಯ ಮೇಲೆ ಬರೆದಿದೆ. ಒಂದು ಬುಟ್ಟಿಗೆ ನನಗೆ ಅರ್ಧ ದಿನ ಬೇಕು. ಹಾಗಾಗಿ ಹಿಂದಿನ ದಿನವೇ ತಳ, ಮೈ ಎಲ್ಲ ಹೆಣೆದು ಅಂಚಿನ ನಾಲ್ಕು ಸುತ್ತು ಮಾತ್ರ ಬಿಟ್ಟಿರುತ್ತೇವೆ. ಅತಿಥಿಗಳು ಅದನ್ನು ತಪ್ಪು ಹೆಣೆಯುತ್ತಾರೆ. ನಾವು ಬಿಚ್ಚಿ ಸರಿಮಾಡುತ್ತೇವೆ. ಪ್ರಮಾಣಪತ್ರ ಅವರಿಗೆ ಸಿಗುತ್ತದೆ.

ತಂಪು ಕನ್ನಡಕವನ್ನು ನೆತ್ತಿಗೇರಿಸಿಕೊಂಡಿದ್ದ ಹೆಂಗಸೊಬ್ಬಳು ಅತ್ತೆಯನ್ನೇ ನೋಡುತ್ತಿದ್ದಳು. “ಅಜ್ಜಿಗೆ ಕಣ್ಣು ಕಾಣಲ್ವಾ? ಮೂಗಿಗೇ ಹಿಡ್ಕೊಂಡು ಸೀಳ್ತಿದಾರೆ.”

“ಇವರಿಗೆ ಕಣ್ಣಿನ ಕೆಲಸವೇ ಇಲ್ಲ ಮೇಡಂ,” ಎಂದ ಮಾಲೀಕ. “ಬೆರಳಲ್ಲೇ ಕಣ್ಣು. ಏಳು ತಲೆಮಾರಿನ ವಿದ್ಯೆ.”

“ಹಿಂದಿನ ಆರು ತಲೆಮಾರು ಕನ್ನಡಕದ ವಯಸ್ಸಿನವರೆಗೆ ಬದುಕ್ಲೇ ಇಲ್ಲ,” ಎಂದು ನಾದಿನಿ ನನ್ನ ಕಿವಿಯಲ್ಲಿ ಗೊಣಗಿದಳು.

ಆಗಲೇ ಅತ್ತೆಯ ಕತ್ತಿ ಜಾರಿತು. ಹೆಬ್ಬೆರಳು ಉಗುರಿನ ಬುಡದಲ್ಲಿ ತೆರೆದುಕೊಂಡಿತು. ರೂಢಿಯ ಕೈ ನಿಲ್ಲದೆ ಸೀಳನ್ನು ಕೊನೆಯವರೆಗೂ ಎಳೆಯಿತು. ಬಿದಿರಿನ ಆ ಸೀಳು ಒಂದು ಗೇಣಿನಷ್ಟು ಕೆಂಪಾಯಿತು.

ಆ ಹೆಂಗಸು ಅದನ್ನೆತ್ತಿಕೊಂಡಳು. “ಅಯ್ಯೋ, ಎಷ್ಟು ಚೆನ್ನಾಗಿದೆ. ನೈಸರ್ಗಿಕ ಬಣ್ಣಾನಾ ಇದು?”

ಮಾಲೀಕ ಅತ್ತೆಯ ಬೆರಳು ನೋಡಿದ. ಅತಿಥಿಗಳ ಕಡೆ ನೋಡಿದ.

“ಶುದ್ಧ ನೈಸರ್ಗಿಕ ಮೇಡಂ. ಒಂದು ಹನಿ ಕೆಮಿಕಲ್ ಇಲ್ಲ.”

“ಹಾಗಾದ್ರೆ ನನ್ನ ಅಂಚು ಪೂರ್ತಿ ಇದೇ ಇರಲಿ. ಇನ್ನೊಂದು ಐದಾರು ಮಾಡಿಸಿ.”

ಮಾಲೀಕ ಅತ್ತೆಯತ್ತ ಬಗ್ಗಿ, ಹಲ್ಲು ಕಚ್ಚಿ ಹೇಳಿದ: “ಕೆಮ್ಮಣ್ಣೋ ಏನೋ ಒಂದು ಬಳಿದು ಕೊಡು. ಮುಖ ಏನು ನೋಡ್ತೀಯೇ ಮುಂಡೆ?”

ಅತ್ತೆ ಎದ್ದರು. ಅವನ ಜೇಬಿಗೆ ಕೈಹಾಕಿ ಕನ್ನಡಕ ತೆಗೆದು ಹಾಕಿಕೊಂಡರು. ಬಿಳಿ ಅಂಗಿಯ ಮೇಲೆ ಹೆಬ್ಬೆಟ್ಟು ಒತ್ತಿದಂತೆ ಗುರುತು ಬಿತ್ತು. ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

“ಈಗ ಸರಿಯಾಗಿ ಕಾಣ್ತಿದೀರಿ ಸ್ವಾಮಿ. ಕಣ್ಣು ಬೇಡದ ಕೆಲಸ ಅಂದ್ರಲ್ಲ, ಕೂತ್ಕೊಳ್ಳಿ. ಕಣ್ಣು ಮುಚ್ಕೊಂಡು ಸೀಳಿ. ಈ ಬಣ್ಣ ನಿಮ್ಮ ಬೆರಳಲ್ಲೂ ಬರುತ್ತೆ.”

ಕತ್ತಿಯ ಹಿಡಿಯನ್ನು ಅವನ ಅಂಗೈಗಿಟ್ಟರು.

ಮಾಲೀಕ ನಗಲು ನೋಡಿದ. ನಾದಿನಿ ತನ್ನ ಕತ್ತಿಯನ್ನು ನೆಲಕ್ಕಿಟ್ಟಳು. ನಾನೂ ಇಟ್ಟೆ. ಮೂಲೆಯಲ್ಲಿದ್ದ ಇಬ್ಬರೂ ಇಟ್ಟರು.

ಅತಿಥಿಗಳು ಇದೂ ಕಾರ್ಯಕ್ರಮದ ಭಾಗವೆಂದುಕೊಂಡರು. ಕುರ್ಚಿಗಳು ಮುಂದೆ ಸರಿದವು. ಹನ್ನೆರಡು ಫೋನುಗಳು ಮೇಲೆದ್ದವು.

“ಕಣ್ಣು ಮುಚ್ಚಿ ಸರ್,” ಎಂದಳು ತಂಪು ಕನ್ನಡಕದವಳು. “ರೆಕಾರ್ಡ್ ಆಗ್ತಿದೆ.”