ಮಾರ್ಕ್ ಬಿದ್ದ ಮಾಲು

ಯುದ್ಧ ಮುಗಿಸಿ ದಾಂಡೇಲಿಗೆ ಬಂದ ವಜೀರ ಚೀಲದಿಂದ ಮೊದಲು ತೆಗೆದದ್ದು ಅತ್ತರಲ್ಲ, ಖರ್ಜೂರವಲ್ಲ, ಎರಡೂ ತುದಿ ಚೂಪಾದ ಒಂದು ಚರ್ಮದ ಚೆಂಡು. ತಾಯಿ ಮದೀನಾಬಿ ಅದನ್ನು ತಿರುವಿ ತಿರುವಿ ನೋಡಿ, "ಅರೇ, ಇದರ ಮ್ಯಾಲ ಯಾರರ ಕುಂತಿದ್ರೇನೋ?" ಎಂದಳು. ಓಣಿಯವರು ನಕ್ಕಿದ್ದೇ ನಕ್ಕಿದ್ದು.

"ಇದು ಇರೂದ ಹಿಂಗ, ಅಮ್ಮಾ. ಆಸ್ಟ್ರೇಲಿಯಾದವರ ಆಟ. ಅವರ ಕೂಡ ನಾನೂ ಆಡೇನಿ."

ಯಾರು ನಂಬಬೇಕು! ಲಾರಿ ಹೊಡೆಯಲು ಫೌಜಿಗೆ ಸೇರಿ ಮಿಸರ್, ಅಂದರೆ ಈಜಿಪ್ಟ್ ದೇಶಕ್ಕೆ ಹೋದ ಹುಡುಗ ಗೋರಾ ಸಿಪಾಯಿಗಳ ಜೊತೆ ಚೆಂಡಾಡುವುದೆಂದರೇನು! ನೀವು ನಂಬಿ, ಬಿಡಿ, ಆಡಿದ್ದಂತೂ ಖರೆ. ಅಲ್ಲಿ ಮರಳುಗಾಡಿನಲ್ಲಿ ಆಸ್ಟ್ರೇಲಿಯಾದ ಪಡೆಯೊಂದು ಪಕ್ಕದಲ್ಲೇ ಡೇರೆ ಹಾಕಿತ್ತು. ಅದರಲ್ಲಿ ಬಿಲ್ ಎಂಬುವನೊಬ್ಬ, ಯುದ್ಧಕ್ಕೆ ಮೊದಲು ತನ್ನೂರಲ್ಲಿ ಈ ಆಟಕ್ಕೆ ದೊಡ್ಡ ಹೆಸರಾದವನು. ಒಂದು ಸಂಜೆ ಆಳು ಕಡಿಮೆ ಬಿದ್ದಾಗ, ನೀರಿನ ಲಾರಿ ತಂದ ವಜೀರನನ್ನೇ ರಟ್ಟೆ ಹಿಡಿದು ಕಣಕ್ಕೆ ಎಳೆದ. ವಜೀರನಿಗೆ ಅವರ ಭಾಷೆ ಬರದು, ಕಾಯ್ದೆ ತಿಳಿಯದು. ಆದರೆ ಕಾಳಿ ಹೊಳೆಯ ದಂಡೆಯ ಮಾವಿನ ಮರಗಳಿಗೆ ಹಾರಿ ಹಾರಿ ಪಳಗಿದ ಕಾಲು! ಬಿಲ್ಲನ ಹೆಗಲನ್ನೇ ಮೆಟ್ಟಿ ಮೇಲೆದ್ದು ಚೆಂಡು ಹಿಡಿದುಬಿಟ್ಟ. ತುಳಿಸಿಕೊಂಡ ಬಿಲ್ ಎದ್ದು ಬಂದು ಬೆನ್ನು ಚಪ್ಪರಿಸಿದ. ಅಂದಿನಿಂದ ಲಾರಿ ನಿಂತಲ್ಲೆಲ್ಲ ಆಟ.

ಆ ಮರಳುಗಾಡಿನ ಅಲಮೇನ್ ಎಂಬಲ್ಲಿ ನಡೆದ ಕಾಳಗದಲ್ಲಿ ಬಿಲ್ ಸತ್ತ. ಅದೇ ವಾರ ವಜೀರನ ಲಾರಿ ನೆಲದಲ್ಲಿ ಹುಗಿದಿಟ್ಟ ಬಾಂಬಿನ ಮೇಲೆ ಹಾಯ್ದು ಅವನ ಒಂದು ಮೊಣಕಾಲು ಪುಡಿಯಾಯಿತು. ಬಿಲ್ಲನ ಗೆಳೆಯರು ಆಸ್ಪತ್ರೆಗೆ ಬಂದು, ಚೆಂಡನ್ನು ಅವನ ಹಾಸಿಗೆಯ ಮೇಲಿಟ್ಟು ಹೋದರು. ವಜೀರ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಯುದ್ಧ ಮುಗಿಯುವ ತನಕ ಅಲ್ಲೇ ಫೌಜಿನ ಲಾರಿ ರಿಪೇರಿ ಮಾಡುತ್ತ ಉಳಿದ, ಊರಿಗೆ ಸುದ್ದಿ ಕಳಿಸಲು ಅವನಿಗೆ ಮನಸ್ಸೇ ಬರಲಿಲ್ಲ. ಕುಂಟನಾದೆ ಎಂದು, ತನಗೆ ಗೊತ್ತಾಗಿದ್ದ ಹುಡುಗಿ ಮೆಹರುನ್ನಿಸಾಗೆ ಹೇಗೆ ತಿಳಿಸುವುದು?

ಆ ಮೌನವೇ ಮುಳುವಾಯಿತು ನೋಡಿ. ಮೆಹರುನ್ನಿಸಾಳ ತಂದೆ ಮುಕ್ತಾರ ಸಾಹೇಬರು ಕಟ್ಟಿಗೆ ಡಿಪೋದಲ್ಲಿ ಆಳುಗಳ ಮೇಲಿನ ಮುಕಾದಮರು. ವಜೀರ ಫೌಜಿಗೆ ಹೊರಟಾಗ ಮಗಳನ್ನು ಅವನಿಗೇ ಕೊಡುವುದಾಗಿ ಮಾತು ಕೊಟ್ಟಿದ್ದರು. ವರ್ಷಗಟ್ಟಲೆ ಸುದ್ದಿಯಿಲ್ಲದಾಗ ಹುಡುಗ ತೀರಿಹೋದನೆಂದು ತಿಳಿದು, ಮುಂಡಗೋಡದ ಬಟ್ಟೆ ವ್ಯಾಪಾರಿ ಹಾಶಿಮನಿಗೆ ಅವಳನ್ನು ಕೊಡಲು ಒಪ್ಪಿದರು. ಇನ್ನೇನು ಮುಂದಿನ ತಿಂಗಳು ನಿಕಾಹ್ ಎನ್ನುವಾಗ ಇವನು ಬಂದು ಬಾಗಿಲಲ್ಲಿ ನಿಂತ.

"ಹಾಶಿಮಗ ಜುಬಾನು ಕೊಟ್ಟೇನಿ," ಎಂದರು ಮುಕ್ತಾರರು.

"ನನಗೂ ಕೊಟ್ಟಿದ್ರಲ್ರಿ, ಚಾಚಾ."

"ನೀ ಸತ್ತಿದ್ದಿ!"

"ಸತ್ತಿಲ್ರಿ. ನಿಮ್ಮ ಮುಂದ ನಿಂತೇನಿ."

"ಅದ ಈಗ ತೊಂದರಿ ಆಗೇತಿ," ಎಂದು ಮುಕ್ತಾರರು ಕದ ಮುಚ್ಚಿದರು.

ವಜೀರ ಮೂಲೆ ಹಿಡಿದ. ಅವನನ್ನು ಎಬ್ಬಿಸಿದವನು ಹಳಿಯಾಳದ ಪೈಲವಾನ ಗೆಳೆಯ ನಾಗಲಿಂಗಪ್ಪ. "ಮಾರಿ ಸಣ್ಣದು ಮಾಡ್ಕೊಂಡು ಕುಂದ್ರಬ್ಯಾಡೋ. ಆ ಮಿಸರಿನ ಆಟರ ತೋರಸು. ನಮ್ಮ ಗರಡಿ ಹುಡುಗರನ್ನ ಕರಕೊಂಡು ಬರ್ತೇನಿ," ಎಂದ.

ಶುಕ್ರವಾರ ನಮಾಜು ಮುಗಿದ ಮೇಲೆ ಡಿಪೋದ ಬಯಲಲ್ಲಿ ಹಳಿಯಾಳದ ಪೈಲವಾನರು ಒಂದು ಕಡೆ, ಡಿಪೋದ ಆಳುಗಳು ಇನ್ನೊಂದು ಕಡೆ. ಸಾಗವಾನಿ ದಿಮ್ಮಿಗಳ ರಾಶಿಯ ಹಿಂದೆ ಹೆಂಗಸರು. ಮುಕ್ತಾರರೂ ಬಂದರು, ಸೊಂಟಕ್ಕೆ ಸಿಕ್ಕಿಸಿದ ಮಾರ್ಕಿನ ಸುತ್ತಿಗೆಯ ಸಮೇತ. ಮಾರಾಟವಾದ ದಿಮ್ಮಿಗೆ ಮಾರ್ಕ್, ಅಂದರೆ ಅಚ್ಚು, ಒತ್ತುವ ಆ ಸುತ್ತಿಗೆ ಇಲ್ಲದೆ ಅವರು ಮಸೀದಿಗೂ ಹೋದವರಲ್ಲ ಎಂದು ಆಳುಗಳು ಚೇಷ್ಟೆ ಮಾಡುತ್ತಿದ್ದರು.

ಆಟವೋ ಆಟ! ಪೈಲವಾನರು ಚೆಂಡು ಬಿಟ್ಟು ಸಿಕ್ಕವರನ್ನೆಲ್ಲ ಚಿತ್ ಮಾಡಿ ಎದೆಯ ಮೇಲೆ ಕೂತರು. ಓಡಲಾರದ ವಜೀರ ನಿಂತಲ್ಲಿಂದಲೇ ಬೈದು, ನಕ್ಕು, ಕೊನೆಗೆ ಚೆಂಡು ಕೈಗೆ ಸಿಕ್ಕಿದ್ದೇ ತಡ ಗಟ್ಟಿ ಉಳಿದ ಕಾಲಿನಿಂದ ಮುಗಿಲಿಗೆ ಒದ್ದ. ನಾಗಲಿಂಗಪ್ಪ ಜಿಗಿದು ಅದನ್ನು ಎದೆಗವಚಿಕೊಂಡು ಅಂಗಾತ ಬಿದ್ದ. ಡಿಪೋದ ಆಳುಗಳೆಲ್ಲ ಅವನ ಮೇಲೆ ಮುಗಿಬೀಳಬೇಕು, ಅಷ್ಟರಲ್ಲಿ ವಜೀರ "ಮಾರ್ಕ್!" ಎಂದು ಕೂಗಿದ. ಒದ್ದ ಚೆಂಡನ್ನು ನೆಲ ಮುಟ್ಟಗೊಡದೆ ಹಿಡಿದರೆ ಆ ಆಟದಲ್ಲಿ ಹೇಳುವ ಮಾತು ಅದು.

ಡಿಪೋದವರೆಲ್ಲ ಗಪ್ಪನೆ ಹಿಂದೆ ಸರಿದರು. ದಿಮ್ಮಿಗಳ ನಡುವೆ ಆ ಕೂಗು ಎದ್ದರೆ ಸುತ್ತಿಗೆ ಬೀಳುತ್ತದೆ, ಕೈಕಾಲು ಉಳಿಸಿಕೋ ಎಂಬುದು ಅವರಿಗೆ ರೂಢಿ. ಮುಕ್ತಾರರಂತೂ ಎಲ್ಲಿದ್ದೇನೆಂಬುದನ್ನೂ ಮರೆತು ಓಡಿ ಬಂದು ಚೆಂಡಿನ ಮೇಲೆ ಧಪ್ಪನೆ ಸುತ್ತಿಗೆ ಇಳಿಸಿಯೇಬಿಟ್ಟರು!

"ಯಪ್ಪಾ! ಅದರ ಕೆಳಗ ನಾ ಅದೇನ್ರೀ!" ಎಂದು ನಾಗಲಿಂಗಪ್ಪ ಚೀರಿದ.

ನಗು ನಿಂತ ಮೇಲೆ ವಜೀರ ಬಿಡಿಸಿ ಹೇಳಿದ. ಮಾರ್ಕ್ ಆಯಿತೆಂದರೆ ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ. ಮುಕ್ತಾರರ ಮುಖ ಅರಳಿತು. "ಅಂದ್ರ ಮಾರ್ಕ್ ಬಿದ್ದ ಮಾಲಿಗೆ ಬ್ಯಾರೇದವರು ಕೈ ಹಚ್ಚೂಹಂಗಿಲ್ಲ! ಇದು ನಮ್ಮ ಡಿಪೋದ ಕಾಯ್ದೇನ ಐತಲ್ಲೋ! ಗೋರಾಗಳಿಗೂ ಬುದ್ಧಿ ಐತಿ ಬಿಡು!"

"ಅಬ್ಬಾಜಾನ್, ಹಂಗಾದ್ರ ನಂದೊಂದು ತಕರಾರು ಐತಿ."

ದಿಮ್ಮಿಗಳ ಹಿಂದಿನಿಂದ ಬಂದ ದನಿ ಮೆಹರುನ್ನಿಸಾಳದು. ಎಲ್ಲರೂ ತಿರುಗಿದರು. ಅವಳು ಸೆರಗು ತಲೆಯ ಮೇಲೆ ಸರಿಮಾಡಿಕೊಂಡಳೇ ಹೊರತು ತಲೆ ತಗ್ಗಿಸಲಿಲ್ಲ.

"ಫೌಜಿಗೆ ಹೋಗೂ ಮುಂಚೇನ ಈ ವಜೀರಗ ನಾ ಮಾರ್ಕ್ ಹೊಡದೇನಿ. ನಿಮ್ಮ ಎದುರಿಗೇನ. ತುಸು ಮುರದು ಬಂದೈತಿ ಖರೆ, ಆದ್ರ ಮಾಲು ನಂದು. ಅದನ್ನ ಬಿಟ್ಟು ನಾ ಯಾಕ ಮುಂಡಗೋಡಕ್ಕ ಹೋಗ್ಲಿ?"

ವಜೀರನ ಕಿವಿ ಕೆಂಪಾದವು. ಇಷ್ಟು ವರ್ಷ ಯಾವ ಕಾಲಿಗೆ ಹೆದರಿ ಬಾಯಿ ಕಟ್ಟಿಕೊಂಡಿದ್ದನೋ, ಆ ಕಾಲಿನ ಸಮೇತ ಅವಳಿಗೆ ತಾನು ಬೇಕು!

ಮುಕ್ತಾರರು ಸುತ್ತಿಗೆ ನೋಡಿದರು, ಮಗಳನ್ನು ನೋಡಿದರು. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, "ವಜೀರಾ, ಡಿಪೋದ ಲಾರಿ ತೆಗಿ. ಮುಂಡಗೋಡಕ್ಕ ಹೋಗೂಣು. ಆದ್ರ ಅಲ್ಲಿ ನೀ ಕೆಳಗ ಇಳೀಬ್ಯಾಡ. ಮಾತು ತಪ್ಪಿದಾಂವ ನಾ, ಬೈಸಿಕೊಳ್ಳಾಂವನೂ ನಾನ," ಎಂದರು.

ಮುಂಡಗೋಡದಲ್ಲಿ ಮುಕ್ತಾರರು ಒಬ್ಬರೇ ಲಾರಿಯಿಂದ ಇಳಿದರು. ಹಾಶಿಮನ ಅಂಗಡಿಯ ಮೆಟ್ಟಿಲ ಬಳಿ ಹೋಗಿ ನಿಂತರು. "ಬರ್ರಿ, ಒಳಗ ಬರ್ರಿ," ಎಂದು ಹಾಶಿಮ ನಗುನಗುತ್ತ ಕರೆದಷ್ಟೂ ಅವರ ತಲೆ ತಗ್ಗುತ್ತಲೇ ಹೋಯಿತು.

ಲಾರಿಯಲ್ಲಿ ಕೂತ ವಜೀರನಿಗೆ ನೋಡಲಾಗಲಿಲ್ಲ. ಇಳಿದ. ಕುಂಟುತ್ತ ಹೋಗಿ ಮುಕ್ತಾರರ ಪಕ್ಕದಲ್ಲಿ ನಿಂತ.

"ಇವರು ಯಾರ್ರಿ?" ಎಂದು ಹಾಶಿಮ ಕೇಳಿದ.

ಮುಕ್ತಾರರು ವಜೀರನನ್ನು ದುರುಗುಟ್ಟಿ ನೋಡಿದರು. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟರು.

"ನಮ್ಮ ಅಳಿಯಾರೀ. ಬೈಯೂದು ಐತಿ, ಇಬ್ಬರಿಗೂ ಕೂಡೇ ಬೈದುಬಿಡ್ರಿ."