ಬುಕ್ಕಸಾಗರದಲ್ಲಿ ಉಷಮ್ಮ ಇಲ್ಲ

ಹುಸೇನಮ್ಮನಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ತೊಟ್ಟಿಲಲ್ಲೇ ತೀರಿಕೊಂಡಿದ್ದವು. ಇದೊಂದು ಉಳಿದರೆ ನಿನ್ನ ಹೆಸರನ್ನೇ ಇಡುತ್ತೇನೆ ಎಂದು ತಾಯಿ ಬುಕ್ಕಸಾಗರದಲ್ಲಿ ಮೊಹರಂಗೆ ಕೂರಿಸುವ ಪೀರಲ ದೇವರಿಗೆ ಹರಕೆ ಹೊತ್ತಳು. ಕೂಸು ಉಳಿಯಿತು. ಅಂಥ ಹೆಸರಿನ ಹಿಂದೂ ಹೆಂಗಸರು ಊರಲ್ಲಿ ಇನ್ನೂ ಇದ್ದರು. ಯಾರಿಗೂ ಅದು ವಿಶೇಷವೆನಿಸಿರಲಿಲ್ಲ.

ಗದ್ದೆಯ ಕೆಲಸ ಕೈಲಾಗದಾದಾಗ ಆಕೆ ಗಂಡನೊಂದಿಗೆ ಹೊಸಪೇಟೆಗೆ, ಮಗ ಮೌನೇಶನ ಮನೆಗೆ ಬಂದಳು. ಮೌನೇಶ್ ವೆಲ್ಡಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ನವರಾತ್ರಿಗೆ ಓಣಿಯ ಅಮ್ಮನ ಗುಡಿಯಲ್ಲಿ ಕುಂಕುಮಾರ್ಚನೆ. ಎಲ್ಲ ಓಡಾಟ ಪಕ್ಕದ ಮನೆಯ ದುರ್ಗಕ್ಕನದೇ. ಅರ್ಚನೆಗೆ ಹೇಳಬೇಕಾದ ಹುಸೇನಮ್ಮನ ಹೆಸರು ಕೇಳಿ ಆಕೆ ದನಿ ತಗ್ಗಿಸಿದಳು.

“ಪೂಜಾರಿ ಹೊಸಬ್ರು. ಹೆಂಗ ತಿಳ್ಕಂತಾರೋ ಏನೋ. ಉಷಮ್ಮ ಅನ್ನೂಣ, ಆತಿಲ್ಲೋ?”

ಹುಸೇನಮ್ಮ ತಲೆಯಾಡಿಸಿದಳು. ಅಂದಿನಿಂದ ಓಣಿಗೆಲ್ಲ ಉಷಮ್ಮ ಆದಳು. ಮೌನೇಶನಿಗೂ ಅದೇ ಅನುಕೂಲವೆನಿಸಿತು. ಮೊಹರಂಗೆ ಊರಿಗೆ ಹೋಗುವಾಗ ಆಕೆ, “ನೆಂಟ್ರ ಮನಿಗೆ” ಎನ್ನುತ್ತಿದ್ದಳು.

ಈ ಸಲ ಗಂಡ ಹೆಂಡತಿ ಊರಿಗೆ ಹೋದ ದಿನವೇ ಶೆಡ್ಡಿನಲ್ಲಿ ಕಬ್ಬಿಣದ ಹಾಳೆ ಜಾರಿ ಮೌನೇಶನ ಕೈಮೇಲೆ ಬಿತ್ತು. ಅವನನ್ನು ಆಸ್ಪತ್ರೆಗೆ ಒಯ್ದರು. ಊರಲ್ಲಿ ಮೊಹರಂ ಹಲಗೆವಾದ್ಯದ ಸದ್ದಿನಲ್ಲಿ ಅಪ್ಪನಿಗಾಗಲಿ ಅವ್ವನಿಗಾಗಲಿ ಫೋನು ಕೇಳಿಸಲಿಲ್ಲ. ದುರ್ಗಕ್ಕ ಮೌನೇಶನಿಂದ ಊರು ಕೇಳಿಕೊಂಡು ಆಟೋ ಮಾಡಿಕೊಂಡು ಬುಕ್ಕಸಾಗರಕ್ಕೆ ಬಂದಳು.

“ಉಷಮ್ಮನ ಮನಿ ಎಲ್ಲೈತ್ರಿ?”

“ಉಷಮ್ಮ ಅಂಬೋರು ಇಲ್ಲಿ ಯಾರೂ ಇಲ್ಲಬೇ,” ಎಂದಳು ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಮುದುಕಿ. ಅಂಗಡಿಯವನೂ ಅದನ್ನೇ ಹೇಳಿದ. ಓಣಿ ಓಣಿ ತಿರುಗಿ ದುರ್ಗಕ್ಕನಿಗೆ ಅಳು ಬರುವಂತಾಯಿತು. ಕೊನೆಗೆ ದಾರಿಯಲ್ಲಿ ಸಿಕ್ಕ ಒಬ್ಬನಿಗೆ, “ಹೊಸಪೇಟ್ಯಾಗ ವೆಲ್ಡಿಂಗ್ ಮಾಡ್ತಾನಲ್ರಿ, ಮೌನೇಶ್, ಅವನ ಅವ್ವ,” ಎಂದಳು.

“ಹುಸೇನಮ್ಮನೇನು? ಹಂಗ ಹೇಳಬಾರ್ದಾ! ಅಲ್ಲಿ ನೋಡ್ರಿ, ಸಕ್ಕರಿ ಓದಿಸಾಕ ನಿಂತಾಳ.”

ಮೊಹರಂಗೆ ತೋಡಿದ ಬೆಂಕಿಯ ಕುಣಿಯ ಆಚೆ, ಪೀರಲ ದೇವರ ಮುಂದೆ, ಮುಲ್ಲಾನಿಂದ ಓದಿಸಿ ದೇವರಿಗೆ ಕೊಡುವ ಸಕ್ಕರೆಯ ತಟ್ಟೆ ಹಿಡಿದು ಆಕೆ ನಿಂತಿದ್ದಳು.

ಸುದ್ದಿ ಕೇಳಿ ಗಂಡ ಹೆಂಡತಿ ದುರ್ಗಕ್ಕನ ಆಟೋ ಹತ್ತಿದರು. ದಾರಿಯಲ್ಲಿ ಕಡ್ಡಿರಾಂಪುರ ದಾಟಿದ ಮೇಲೆ ಹುಸೇನಮ್ಮ ಹೇಳಿದಳು: “ನನ್ನ ಹೆಸರು ಹೇಳಿದ್ರ ಸಣ್ಣ ಹುಡುಗ್ರೂ ತೋರಸ್ತಿದ್ರು, ಅಕ್ಕ.”

“ಉಷಮ್ಮ ಅಂತ ಕರದೂ ಕರದೂ ಆ ಹೆಸರು ಮರ್ತೇ ಹೋಗಿತ್ತು ಬಿಡು,” ಎಂದಳು ದುರ್ಗಕ್ಕ.

ಮೌನೇಶನ ಎರಡು ಬೆರಳಿಗೆ ಹೊಲಿಗೆ ಬಿದ್ದಿತ್ತು. ಒಂದು ಬೆರಳು ಆಮೇಲೆ ಪೂರ್ತಿ ಮಡಚಲು ಬರಲಿಲ್ಲ, ಆದರೆ ಕೆಲಸಕ್ಕೆ ಅಡ್ಡಿಯಾಗಲಿಲ್ಲ.

ನವರಾತ್ರಿಯಲ್ಲಿ ಪೂಜಾರಿ ಸಾಲಾಗಿ ಹೆಸರು ಕೇಳುತ್ತ ಬಂದರು. ದುರ್ಗಕ್ಕ ಬಾಯಿ ತೆರೆಯುವ ಮೊದಲೇ ಆಕೆ, “ಹುಸೇನಮ್ಮ ಅಂತ್ರಿ,” ಎಂದಳು. ಪೂಜಾರಿ ತಲೆ ಎತ್ತಿ ನೋಡಿದರು. “ಗೋತ್ರ?”

“ಅದು ಗೊತ್ತಿಲ್ರಿ.”

“ಶಿವ ಗೋತ್ರ ಅನ್ನೋಣ,” ಎಂದು ಅವರು ಹೆಸರನ್ನು ಸರಿಯಾಗಿಯೇ ಹೇಳಿ ಮುಂದಿನವರ ಕಡೆ ತಿರುಗಿದರು.

ಹಿಂದಿನ ಸಾಲಿನಲ್ಲಿ ಇಬ್ಬರು ಪಿಸುಗುಟ್ಟಿದರು. ಅವರಲ್ಲೊಬ್ಬಳು ಆಮೇಲೆ ಹುಸೇನಮ್ಮನ ಮನೆಗೆ ಅರಿಸಿನ ಕುಂಕುಮಕ್ಕೆ ಬರುವುದನ್ನು ನಿಲ್ಲಿಸಿದಳು. ಮೌನೇಶ್, “ಸುಮ್ನ ಯಾಕ ಬೇಕಿತ್ತು ಇದೆಲ್ಲ?” ಎಂದು ಎರಡು ದಿನ ಮುನಿಸಿಕೊಂಡಿದ್ದ. ದುರ್ಗಕ್ಕ ಈಗ ಕಾಂಪೌಂಡಿನಿಂದಲೇ ಪೂರ್ತಿ ಹೆಸರು ಹಿಡಿದು ಕೂಗುತ್ತಾಳೆ. ಮಿಕ್ಕವರಿಗೆ ಆಕೆ ಉಷಮ್ಮನೇ. ಹಾಗೆ ಕರೆದರೂ ಹುಸೇನಮ್ಮ ಓಗೊಡುತ್ತಾಳೆ.