ಕುಕ್ಕರ್ ಆಂಟಿಯ ಗಂಟಲು

"ಆಂಟಿ, ಇವತ್ತಿನ ಡಬ್ಬಿಂಗಿಗೆ ನೀವು ಬರೋದು ಬೇಡ್ವಂತೆ. ನಿಮ್ಮ ಪಾತ್ರಕ್ಕೆ ಬೇರೆಯವರು ದನಿ ಕೊಡ್ತಾರಂತೆ" ಎಂದು ಸಿನಿಮಾ ಕಚೇರಿಯ ಹುಡುಗಿ ಫೋನ್ ಮಾಡಿದಾಗ ಕಮಲಾಕ್ಷಮ್ಮ ಸುಂಕದಕಟ್ಟೆಯ ತಮ್ಮ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು. ಇದ್ದಕ್ಕಿದ್ದಂತೆ ಒಲೆ ಆರಿಸಿದರು, ಸೀರೆ ಬದಲಿಸಿದರು, ಹಣೆಗೆ ವಿಭೂತಿ ಇಟ್ಟುಕೊಂಡು ಮಾಗಡಿ ರಸ್ತೆಗೆ ಬಂದು ಆಟೊಗೆ ಕೈ ಅಡ್ಡ ಹಾಕಿದರು. ಬರಬೇಡ ಅಂದರೆ ಸುಮ್ಮನೆ ಮನೆಯಲ್ಲಿ ಕೂರಲಿಕ್ಕೆ ಅವರೇನು ಅಷ್ಟು ಸಾಧು ಹೆಂಗಸೇ?

ವಯಸ್ಸು ಅರವತ್ತೊಂದು. ಹದಿನಾಲ್ಕಕ್ಕೆ ರಾಣೆಬೆನ್ನೂರಿನ ಕಡೆಯ ನಾಟಕ ಕಂಪನಿ ಸೇರಿದವರು, ಹತ್ತೊಂಬತ್ತಕ್ಕೆಲ್ಲ ತಮಗಿಂತ ಹದಿನೈದು ವರ್ಷ ದೊಡ್ಡ ನಾಯಕನಿಗೆ ತಾಯಿಯಾಗಿ "ಕಂದಾ" ಎಂದು ತಲೆ ಸವರಿದವರು. ಬೆಂಗಳೂರಿಗೆ ಬಂದ ಮೇಲೆ ಧಾರಾವಾಹಿಗಳಲ್ಲಿ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯ ಬಾಯಿಬಡುಕಿ. ಡಬ್ಬಿಂಗಿನಲ್ಲಿ ಮಗು, ಮುದುಕಿ, ದೆವ್ವ, ಗಿಣಿ. ಇಷ್ಟೆಲ್ಲ ಮಾಡಿದರೂ ಜನ ನೆನಪಿಟ್ಟುಕೊಂಡದ್ದು ಮಿಮಿಕ್ರಿಯನ್ನು, ಅದರಲ್ಲೂ ಒಂದೇ ಐಟಮ್ಮನ್ನು: ಅತ್ತೆ ಸೊಸೆ ಜಗಳದ ನಡುವೆ ಕುಕ್ಕರ್ ಕೂಗುವುದು. ವಿಜಯನಗರ, ಬಸವೇಶ್ವರನಗರಗಳಲ್ಲಿ ಗಣೇಶನ ಪೆಂಡಾಲು, ರಾಜ್ಯೋತ್ಸವದ ವೇದಿಕೆ ಯಾವುದೇ ಇರಲಿ, ಆ ಕುಕ್ಕರ್ ಕೂಗದ ಬೀದಿ ಇಲ್ಲ. ಈಗಲೂ ತರಕಾರಿಗೆ ಹೋದರೆ "ಕುಕ್ಕರ್ ಆಂಟಿ, ಒಂದ್ ವಿಷಲ್ ಹೊಡೀರಿ!" ಎನ್ನುತ್ತಾರೆ. ಇವರೂ ಹೊಡೆಯುತ್ತಾರೆ. ಕೊತ್ತಂಬರಿ ಪುಕ್ಕಟೆ ಸಿಗುತ್ತದೆ.

ಆದರೆ ಅದಕ್ಕೆ ಅವರು ತೆತ್ತದ್ದೂ ಇದೆ. ಗಂಡ ರೇವಣಸಿದ್ದಯ್ಯನವರಿಗೆ ಮಣ್ಣು ಕೊಟ್ಟ ದಿನ ಕಮಲಾಕ್ಷಮ್ಮ "ಅಯ್ಯೋ ಶಿವನೇ" ಎಂದು ಎದೆ ಬಡಿದುಕೊಂಡು ಅತ್ತಾಗ, ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದು ನಕ್ಕಿದ್ದರು. ಪಾಪ, ಬೇಕಂತ ನಕ್ಕದ್ದಲ್ಲ. ಆ ಗಂಟಲು ಕೇಳಿದೊಡನೆ ನಗುವುದು ಅವರ ಕಿವಿಗೆ ರೂಢಿಯಾಗಿಬಿಟ್ಟಿತ್ತು. ಕಮಲಾಕ್ಷಮ್ಮ ಅದನ್ನು ಯಾರಿಗೂ ಹೇಳಿಲ್ಲ, ಮರೆತೂ ಇಲ್ಲ.

ಆಮೇಲೆ ಈ ಸಿನಿಮಾ ಬಂತು. ಸೊಸೆಯನ್ನು ಬಡಿದ ಮಗನ ಮೇಲೆ ತಾನೇ ಠಾಣೆಗೆ ಹೋಗಿ ದೂರು ಕೊಡುವ ತಾಯಿಯ ಕಥೆ. ನಲವತ್ತೇಳು ವರ್ಷದಲ್ಲಿ ಮೊದಲ ಸಲ, ಕಂಡವರು ನಗಬಾರದಂಥ ಪಾತ್ರ. ಹೇರೋಹಳ್ಳಿಯ ಗುಂಡಿ ಬಿದ್ದ ರಸ್ತೆಗಳಲ್ಲಿ ಇಪ್ಪತ್ತು ದಿನ ಬರಿಗಾಲಲ್ಲಿ ಓಡಾಡಿ ನಟಿಸಿದ್ದರು. ಈಗ ಮುಖ ಮಾತ್ರ ಅವರದು, ಗಂಟಲು ಇನ್ಯಾರದೋ ಅಂತೆ. ಇದ್ಯಾವ ಸೀಮೆ ನ್ಯಾಯ?

ಡಬ್ಬಿಂಗ್ ನಡೆಯುವ ರಾಜಾಜಿನಗರದ ಸ್ಟುಡಿಯೊ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ನಿರ್ದೇಶಕ ಆತ್ರೇಯ, ಸೌಂಡ್ ಇಂಜಿನಿಯರ್ ಭೈರೇಶ್, ಮತ್ತು ಇವರ ಬದಲಿಗೆ ದನಿ ಕೊಡಲು ಬಂದಿದ್ದ ವಚನಾ, ಮೂವರೂ ಕಾಫಿ ಕುಡಿಯುತ್ತಿದ್ದರು. ಬಾಗಿಲಲ್ಲಿ ಕಮಲಾಕ್ಷಮ್ಮನನ್ನು ಕಂಡು ಆತ್ರೇಯ ಎದ್ದೇ ನಿಂತ.

"ಬೇಜಾರ್ ಮಾಡ್ಕೋಬೇಡಿ ಆಂಟಿ. ಶೂಟಿಂಗಲ್ಲಿ ರೆಕಾರ್ಡ್ ಆಗಿದ್ದ ನಿಮ್ಮ ದನೀಲೇ ಹತ್ತು ಜನಕ್ಕೆ ಸಿನಿಮಾ ತೋರಿಸ್ದೆ. ಸ್ಟೇಷನ್ ಸೀನಿಗೆ ನಕ್ಕುಬಿಟ್ರು."

ಗಂಡನಿಗೆ ಮಣ್ಣು ಕೊಟ್ಟ ದಿನದ ನಗು ಕಮಲಾಕ್ಷಮ್ಮನ ಕಿವಿಯ ಪಕ್ಕದಲ್ಲೇ ಕೇಳಿಸಿತು.

"ಹತ್ತು ಜನ ನಕ್ರು ಅಂತ ನನ್ ಗಂಟ್ಲು ಕಿತ್ತು ಬಿಸಾಕ್ತೀರಾ ಸಾರ್?"

"ನಿಮ್ಮ ಗಂಟ್ಲಲ್ಲಿ ನೂರು ಜನ ಇದಾರೆ ಆಂಟಿ. ಅದ್ರಲ್ಲಿ ನಿಮ್ದು ಯಾವ್ದು, ನೀವೇ ಹೇಳಿ?"

"ಸೀನ್ ಹಾಕ್ಸಿ. ತೋರಿಸ್ತೀನಿ."

ಯಾರೂ ತಡೆಯುವ ಮೊದಲೇ ಗಾಜಿನ ಕೋಣೆಯೊಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡರು.

ಕಮಲಾಕ್ಷಮ್ಮ ಯಾವ ದನಿಗೂ ಸೀದಾ ಇಳಿಯುವವರಲ್ಲ. ಆ ದನಿಯ ಮನುಷ್ಯ ಸದಾ ಆಡುವ ಒಂದು ಮಾತನ್ನು ಮೊದಲು ತುಟಿಯಲ್ಲೇ ಆಡಿಕೊಂಡು, ಅದನ್ನು ಹಿಡಿಕೆ ಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಅಂಥ ಹಿಡಿಕೆಗಳು ನೂರಾರಿದ್ದವು. ಪರದೆಯ ಮೇಲೆ ತಮ್ಮ ಮುಖ ಮೂಡಿದಾಗ ಅಭ್ಯಾಸಬಲದಿಂದ ಕೈಗೆ ಸಿಕ್ಕಿದ್ದನ್ನು ಹಿಡಿದರು. "ಕಂದಾ" ಎಂದುಕೊಂಡರು.

"ನನ್ನ ಮಗನೇ ಸಾರ್ ಹೊಡ್ದಿದ್ದು. ಬರ್ಕೊಳ್ಳಿ!"

ಕಂಪನಿ ನಾಟಕದ ತಾಯಿ ಗುಡುಗಿದಳು. ಎರಡನೆಯ ಸಲ ಧಾರಾವಾಹಿಯ ಅತ್ತೆ ಬಂದಳು. ಮೂರನೆಯ ಸಲ, ಛೇ, ಕುಕ್ಕರ್ ಐಟಮ್ಮಿನ ಮುದುಕಿಯೇ ಬಂದುಬಿಟ್ಟಳು. ಗಾಜಿನ ಆಚೆ ವಚನಾ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದದ್ದು ಕಾಣಿಸಿತು. ಕಮಲಾಕ್ಷಮ್ಮನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆತ್ರೇಯ ಹೇಳಿದ್ದು ನಿಜವಿರಬಹುದೇ? ಇಷ್ಟು ವರ್ಷ ಎಲ್ಲರಿಗೂ ದನಿ ಹಂಚಿ ತನಗೇ ಏನೂ ಉಳಿಸಿಕೊಂಡಿಲ್ಲವೇ?

"ಸಾಕು ಆಂಟಿ, ಈಚೆ ಬನ್ನಿ" ಎಂದ ಆತ್ರೇಯ, ಮೆತ್ತಗೆ. "ವಚನಾ ಮಾಡ್ಲಿ."

"ಒಲ್ಲೆ."

ಆ ಮಾತು ಹೆಡ್‌ಫೋನಿನಲ್ಲಿ ಅವರಿಗೇ ವಾಪಸು ಕೇಳಿತು. ಒರಟು, ಸ್ವಲ್ಪ ಮೂಗಿನಲ್ಲಿ. ಇದು ಯಾರದಪ್ಪಾ? ನೂರು ಜನರಲ್ಲೂ ಹುಡುಕಿದರು, ಯಾರದೂ ಅಲ್ಲ. "ನೀ ಕಪ್ಪಗದೀ, ತೆರಿ ಹಿಂದ ನಿಂತು ಹಾಡು ಸಾಕು" ಎಂದ ಕಂಪನಿ ಮಾಲೀಕನಿಗೆ ಅಂದು ಹೀಗೇ ಅಂದಿದ್ದರು. ಮದುವೆಯಾಯಿತಲ್ಲ, ಇನ್ನು ಬಣ್ಣ ಹಚ್ಚಬೇಡ ಎಂದ ಅತ್ತೆಗೂ ಹೀಗೇ ಅಂದಿದ್ದರು. ಬೆಂಗಳೂರಿನಲ್ಲಿ ಎಲ್ಲದಕ್ಕೂ "ಆಯ್ತು ಸಾರ್" ಅಂದೂ ಅಂದೂ 'ಒಲ್ಲೆ' ಎಂಬ ಮಾತೇ ಬಾಯಿಂದ ಮರೆಯಾಗಿತ್ತು. ಯಾವ ನಾಟಕದ ಕವಿಯೂ ಬರೆದುಕೊಡದ, ಯಾರನ್ನೂ ನೋಡಿ ಕಲಿಯದ ಮಾತು ಅದೊಂದೇ.

"ಭೈರೇಶ್, ಇನ್ನೊಂದ್ ಸಲ ಹಾಕಪ್ಪ."

ಭೈರೇಶ್ ಆತ್ರೇಯನ ಮುಖ ನೋಡಿದ. ಆತ್ರೇಯ ಬೇಡವೆಂದು ತಲೆ ಅಲ್ಲಾಡಿಸುವುದರೊಳಗೆ ಅವನು ಗುಂಡಿ ಒತ್ತಿಯೇ ಬಿಟ್ಟ.

ಪರದೆಯ ಮೇಲೆ ಠಾಣೆಯ ಮೇಜು, ಪಕ್ಕದಲ್ಲಿ ಸೊಸೆಯ ಊದಿದ ಕೆನ್ನೆ, ನಡುವೆ ತಮ್ಮ ಮುಖ. ಕಮಲಾಕ್ಷಮ್ಮ ಕಣ್ಣು ಕೀಳದೆ ನೋಡಿದರು. ತುಟಿಯಲ್ಲೇ "ಒಲ್ಲೆ" ಎಂದುಕೊಂಡು ಅದನ್ನು ಬಿಡದೆ ಗಟ್ಟಿಯಾಗಿ ಹಿಡಿದರು.

"ನನ್ನ ಮಗನೇ ಸಾರ್ ಹೊಡ್ದಿದ್ದು. ಬರ್ಕೊಳ್ಳಿ."

ಕೂಗಲಿಲ್ಲ. ಅಂಗಡಿಯಲ್ಲಿ ಸಾಮಾನು ಕೇಳುವಷ್ಟೇ ಜೋರು. 'ಮಗ' ಎನ್ನುವಲ್ಲಿ ಮಾತ್ರ ಗಂಟಲು ಒಡೆಯಿತು.

ವಚನಾ ಬಾಯಿಯ ಮೇಲಿನ ಕೈ ತೆಗೆದಳು. ಅವಳ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಮಡಿಲಲ್ಲಿದ್ದ ಡೈಲಾಗ್ ಹಾಳೆಗಳನ್ನು ಜೋಡಿಸಿ ಬ್ಯಾಗಿಗೆ ಹಾಕಿಕೊಂಡಳು. ಆತ್ರೇಯ ಮೈಕಿಗೆ ಬಾಗಿದ.

"ಆಂಟಿ... ಇದೇ ಬೇಕಿತ್ತು ನಂಗೆ. 'ಮಗ' ಅನ್ನೋ ಕಡೆ ಸ್ವಲ್ಪ ಒಡೀತು, ಅಷ್ಟೇ. ಇನ್ನೊಂದೇ ಒಂದು ಟೇಕ್, ಕ್ಲೀನಾಗಿ ತಗೊಳ್ಳೋಣ್ವಾ?"

ಕಮಲಾಕ್ಷಮ್ಮ ಹೆಡ್‌ಫೋನ್ ತೆಗೆಯಲಿಲ್ಲ.

"ಒಡೆದಿದ್ದು ನನ್ ಗಂಟ್ಲು ಸಾರ್. ಹಂಗೇ ಇರ್ಲಿ. ಮುಂದಿನ್ ಸೀನ್ ಹಾಕಿ."